ಮರದ ನೆಲ, ಗ್ರಾನೈಟ್ ಅಡುಗೆಕಟ್ಟೆ: ಕೊಡಗಿನ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಕೊಡಗಿನಲ್ಲಿ ಮರದ ನೆಲವಿರುವ ಮನೆಯವರು ವರ್ಷಕ್ಕೆ ಎರಡು ಸಲ ಗಾಬರಿಯಾಗುತ್ತಾರೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ಹಲಗೆಗಳ ಅಂಚು ಎದ್ದು ಬರಿಗಾಲಿಗೆ ತಾಗತೊಡಗಿದಾಗ ಒಮ್ಮೆ, ಫೆಬ್ರವರಿ–ಮಾರ್ಚ್ ತಿಂಗಳ ಒಣಗಾಳಿಯಲ್ಲಿ ಅದೇ ಹಲಗೆಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು ಬಿಟ್ಟಾಗ ಇನ್ನೊಮ್ಮೆ. ಅಡುಗೆಮನೆಯ ಗ್ರಾನೈಟ್ ಕಟ್ಟೆ ಇಷ್ಟು ಗದ್ದಲ ಮಾಡುವುದಿಲ್ಲ. ಅದು ಸದ್ದಿಲ್ಲದೆ ಎಣ್ಣೆ ಕುಡಿದು ಕಪ್ಪಾಗುತ್ತದೆ, ನಲ್ಲಿಯ ಬುಡದಲ್ಲಿ ಬೆಳ್ಳಗೆ ಪದರ ಕಟ್ಟಿಕೊಳ್ಳುತ್ತದೆ, ಸಿಂಕಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಇವೆರಡರಲ್ಲೂ ದೋಷ ಕಂಡ ಕೂಡಲೇ ಉಜ್ಜುವುದಕ್ಕೆ, ಆಸಿಡ್ ಸುರಿಯುವುದಕ್ಕೆ, ಪಾಲಿಶ್ ಹಚ್ಚುವುದಕ್ಕೆ ಕೈ ಮುಂದಾಗುತ್ತದೆ. ನಾನು ಕಂಡ ಮಟ್ಟಿಗೆ ಹೆಚ್ಚಿನ ಹಾನಿ ಆಗುವುದು ಮೂಲ ದೋಷದಿಂದಲ್ಲ, ಅವಸರದ ಈ ಚಿಕಿತ್ಸೆಯಿಂದ. ಆದ್ದರಿಂದ ಇಲ್ಲಿ ಪ್ರತಿಯೊಂದು ಲಕ್ಷಣಕ್ಕೂ ಮೊದಲು ಕಾರಣವನ್ನು ಪತ್ತೆ ಹಚ್ಚುವ ಬಗೆಯನ್ನು, ಆಮೇಲೆ ಪರಿಹಾರವನ್ನು ಬರೆದಿದ್ದೇನೆ.

ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುತ್ತದೆ. ಭಾಗಮಂಡಲದ ಕಡೆ ಮಳೆ ಇನ್ನೂ ಹೆಚ್ಚು, ಕುಶಾಲನಗರದ ಕಡೆ ಬಹಳ ಕಡಿಮೆ. ಹೀಗಾಗಿ ಕುಶಾಲನಗರದಲ್ಲಿ ಒಣಗಿಸಿ ಕೊಯ್ದು ತಂದ ಹಲಗೆಯನ್ನು ಭಾಗಮಂಡಲದ ಮನೆಗೆ ಅದೇ ವಾರ ಹೊಡೆದರೆ ತೊಂದರೆ ತಪ್ಪಿದ್ದಲ್ಲ. ಜಿಲ್ಲೆಯೊಳಗೇ ಇಷ್ಟು ವ್ಯತ್ಯಾಸವಿರುವಾಗ, ಹೊರಗಿನ ಒಣ ಊರುಗಳಿಗಾಗಿ ಬರೆದ ಸಲಹೆಗಳನ್ನು ಇಲ್ಲಿ ಹಾಗೆಯೇ ಪಾಲಿಸಲಾಗದು.

ಮೊದಲು ಮಾಡಬೇಕಾದ ಪರೀಕ್ಷೆಗಳು

ಮರದ ನೆಲದ ದೋಷವನ್ನು ಹುಡುಕುವಾಗ ಮೂರು ಸಂಗತಿಗಳನ್ನು ಗುರುತು ಹಾಕಿಕೊಳ್ಳಬೇಕು: ದೋಷ ಕಾಣಿಸಿಕೊಂಡ ತಿಂಗಳು, ಅದು ಹಬ್ಬಿರುವ ಜಾಗ, ಮತ್ತು ಹಲಗೆಯ ಆಕಾರದಲ್ಲಿ ಆದ ಬದಲಾವಣೆ. ಕೋಣೆಯ ಎಲ್ಲ ಕಡೆಯೂ ಒಂದೇ ಸಮನಾಗಿ ಅಂಚು ಎದ್ದಿದ್ದರೆ ಕಾರಣ ಗಾಳಿಯ ತೇವ ಅಥವಾ ನೆಲದಡಿಯ ತೇವ. ಒಂದು ಗೋಡೆಯ ಉದ್ದಕ್ಕೆ ಮಾತ್ರ ಇದ್ದರೆ ಆ ಗೋಡೆಯ ಹೊರಗೆ ನೀರು ನಿಲ್ಲುತ್ತಿದೆ, ಇಲ್ಲವೇ ಮಾಡಿನ ದಂಬೆ (ಮಳೆನೀರು ಹರಿಯುವ ದೋಣಿ) ತುಂಬಿ ನೀರು ಗೋಡೆಗೆ ಹೊಡೆಯುತ್ತಿದೆ. ಒಂದೆರಡು ಮೊಳದ ವೃತ್ತದಷ್ಟೇ ಜಾಗದಲ್ಲಿದ್ದರೆ ಮೇಲೆ ಹೆಂಚು ಒಡೆದಿರಬೇಕು, ಅಥವಾ ಹತ್ತಿರದಲ್ಲೇ ಪೈಪು ಸೋರುತ್ತಿರಬೇಕು. ಒಂದು ಹಾಳೆಯಲ್ಲಿ ಕೋಣೆಯ ನಕ್ಷೆ ಬರೆದು ಕೆಟ್ಟ ಹಲಗೆಗಳಿಗೆ ಗೆರೆ ಎಳೆದರೆ ಹಲವು ಸಲ ಉತ್ತರ ಆ ಹಾಳೆಯಲ್ಲೇ ಕಾಣುತ್ತದೆ.

ಎರಡನೆಯ ಪರೀಕ್ಷೆ ತೇವದ ಅಳತೆ. ಎರಡು ಮುಳ್ಳುಗಳಿರುವ ಸಣ್ಣ ತೇವಮಾಪಕವನ್ನು ಹಲಗೆಗೆ ಚುಚ್ಚಿದರೆ ಮರದೊಳಗಿನ ನೀರಿನ ಪ್ರಮಾಣವನ್ನು ಶೇಕಡಾವಾರು ತೋರಿಸುತ್ತದೆ. ಮರ ತನ್ನ ಸುತ್ತಲಿನ ಗಾಳಿಯ ತೇವಕ್ಕೆ ಸರಿಯಾಗಿ ನೀರನ್ನು ಹೀರಿಕೊಳ್ಳುವ, ಬಿಟ್ಟುಕೊಡುವ ವಸ್ತು: ಗಾಳಿಯ ತೇವ ಶೇ 50 ಇದ್ದಾಗ ಮರದ ತೇವ ಸುಮಾರು ಶೇ 9ಕ್ಕೆ ಬಂದು ನಿಲ್ಲುತ್ತದೆ, ಗಾಳಿಯ ತೇವ ಶೇ 90ಕ್ಕೆ ಏರಿ ವಾರಗಟ್ಟಲೆ ಅಲ್ಲೇ ಉಳಿದರೆ ಮರದ ತೇವ ಶೇ 20ರ ಹತ್ತಿರ ಹೋಗುತ್ತದೆ. ಆರು ಅಂಗುಲ ಅಗಲದ ತೇಗದ ಹಲಗೆಯ ತೇವ ಶೇ 20ರಿಂದ ಶೇ 10ಕ್ಕೆ ಇಳಿದರೆ ಅದರ ಅಗಲ ಎರಡರಿಂದ ಮೂರು ಮಿ.ಮೀ.ವರೆಗೆ ಕುಗ್ಗಬಹುದು; ಉದ್ದದಲ್ಲಿ ಮಾತ್ರ ಕಣ್ಣಿಗೆ ಕಾಣುವ ಬದಲಾವಣೆ ಇರುವುದಿಲ್ಲ. ಬೇಸಿಗೆಯ ಸಂದುಗಳಿಗೂ ಮಳೆಗಾಲದ ಉಬ್ಬಿಗೂ ಲೆಕ್ಕ ಇಷ್ಟೇ. ತೇವಮಾಪಕದಲ್ಲಿ ಒಂದೇ ಕೋಣೆಯ ಹತ್ತು ಕಡೆ ಅಳೆದು, ಮಿಕ್ಕೆಲ್ಲ ಕಡೆ ಶೇ 15 ಇದ್ದು ಒಂದು ಕಡೆ ಮಾತ್ರ ಶೇ 24 ತೋರಿಸಿದರೆ ಅಲ್ಲಿ ಹವೆಯನ್ನು ದೂರುವಂತಿಲ್ಲ, ಸೋರಿಕೆಯನ್ನೇ ಹುಡುಕಬೇಕು. ತೇವ ಶೇ 20ಕ್ಕಿಂತ ಮೇಲೆ ಬಹುಕಾಲ ನಿಂತರೆ ಮರ ಕೊಳೆಯತೊಡಗುತ್ತದೆ ಎಂಬುದನ್ನೂ ನೆನಪಿಡಬೇಕು.

ನೆಲಮಟ್ಟದಲ್ಲಿ ಕಾಂಕ್ರೀಟಿನ ಮೇಲೆ ಮರ ಹಾಕಿದ ಮನೆಗಳಲ್ಲಿ ತೇವ ಕೆಳಗಿನಿಂದ ಏರುತ್ತಿದೆಯೇ ಎಂದು ತಿಳಿಯಲು ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಸಾಕು. ಒಂದು ಹಲಗೆ ಎಬ್ಬಿಸಿದ ಜಾಗದಲ್ಲೋ, ಪಕ್ಕದ ಕೋಣೆಯ ಬರಿಯ ಕಾಂಕ್ರೀಟಿನ ಮೇಲೋ ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಭದ್ರವಾಗಿ ಅಂಟಿಸಿ ಒಂದು ದಿನ ಬಿಟ್ಟು ತೆಗೆದು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟು ಕಪ್ಪೇರಿದ್ದರೆ ತೇವ ನೆಲದಿಂದ ಬರುತ್ತಿದೆ.

ಮೂರನೆಯದು ಮೇಲಿನ ಪಾಲಿಶ್ ಯಾವುದೆಂಬ ಪರೀಕ್ಷೆ. ಕಪಾಟಿನ ಹಿಂದಿನ ಮೂಲೆಯಂಥ ಮರೆಯ ಜಾಗದಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ ಒಂದು ನಿಮಿಷ ಬಿಟ್ಟು ಒರೆಸಿ. ಅಂಟಂಟಾದರೆ ಅದು ಅರಗಿನ ಪಾಲಿಶ್, ಅಂದರೆ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಏನೂ ಆಗದಿದ್ದರೆ ಪಿಯು (ಪಾಲಿಯುರೆಥೇನ್) ಅಥವಾ ಮೆಲಮೈನ್ ಇರಬೇಕು. ನೀರಿನ ಹನಿಯೇ ಹೀರಿಹೋಗಿ ಆ ಜಾಗ ಕಪ್ಪಾದರೆ ಮರದ ಮೇಲೆ ರಕ್ಷಣೆಯೇ ಉಳಿದಿಲ್ಲ, ಅಥವಾ ಬರೀ ಎಣ್ಣೆ ಹಚ್ಚಿದ ನೆಲ. ಇದನ್ನು ತಿಳಿಯದೆ ಒಂದರ ಮೇಲೆ ಇನ್ನೊಂದನ್ನು ಹಚ್ಚಿದರೆ ಹೊಸ ಪದರ ವರ್ಷದೊಳಗೆ ಸಿಪ್ಪೆಯಂತೆ ಏಳುತ್ತದೆ. ಇತ್ತೀಚೆಗೆ ಕಟ್ಟಿದ ಕೆಲವು ಮನೆಗಳಲ್ಲಿ, ಹೋಂಸ್ಟೇಗಳಲ್ಲಿ ಇರುವುದು ಮರದ ಚಿತ್ರವಿರುವ ಲ್ಯಾಮಿನೇಟ್; ಅದನ್ನು ಉಜ್ಜಿ ಪಾಲಿಶ್ ಮಾಡಲು ಬರುವುದಿಲ್ಲ, ನೀರು ಕುಡಿದು ಉಬ್ಬಿದ ತುಂಡನ್ನು ಬದಲಿಸುವುದೊಂದೇ ದಾರಿ.

ಹಲಗೆಯ ಅಂಚು ಎದ್ದು ನಡು ತಗ್ಗಿದೆ

ಕೊಡಗಿನಲ್ಲಿ ಅತಿ ಹೆಚ್ಚಾಗಿ ಕಾಣುವ, ಅತಿ ಹೆಚ್ಚು ತಪ್ಪು ಚಿಕಿತ್ಸೆಗೆ ಗುರಿಯಾಗುವ ದೋಷ ಇದು. ಹಲಗೆಯ ಅಡಿಭಾಗ ಮೇಲ್ಭಾಗಕ್ಕಿಂತ ಹೆಚ್ಚು ನೀರು ಹೀರಿದಾಗ ಅಡಿ ಹಿಗ್ಗುತ್ತದೆ, ಮೇಲ್ಮೈಗೆ ಪಾಲಿಶ್ ಇರುವುದರಿಂದ ಅದು ಅಷ್ಟು ಹಿಗ್ಗುವುದಿಲ್ಲ, ಹಲಗೆ ದೋಣಿಯಂತೆ ಬಾಗುತ್ತದೆ. ಬೆಳಗಿನ ಓರೆ ಬೆಳಕಿನಲ್ಲಿ ನೆಲಕ್ಕೆ ಕೆನ್ನೆ ತಾಗಿಸಿ ನೋಡಿದರೆ ಏರುತಗ್ಗು ಸ್ಪಷ್ಟವಾಗಿ ಕಾಣುತ್ತದೆ. ಉಕ್ಕಿನ ಅಳತೆಪಟ್ಟಿಯನ್ನು ಅಡ್ಡಲಾಗಿ ಇಟ್ಟು ನಡುವಿನ ಸಂದನ್ನು ಅಳೆದು ದಿನಾಂಕದೊಂದಿಗೆ ಬರೆದಿಡಿ.

ನಮ್ಮ ಮನೆಯಲ್ಲಿ ಒಂದು ವರ್ಷ ಸೆಪ್ಟೆಂಬರ್ ಕೊನೆಯಲ್ಲಿ, ಸುಗ್ಗಿಹಬ್ಬವಾದ ಹುತ್ತರಿಗೆ ಮುಂಚೆ ಮನೆ ಚೆಂದವಾಗಿರಲಿ ಎಂಬ ಆಸೆಯಿಂದ, ಹೀಗೆ ಬಾಗಿದ ನೆಲವನ್ನು ಯಂತ್ರದಿಂದ ಉಜ್ಜಿಸಿ ಸಮತಟ್ಟು ಮಾಡಿಸಿದೆವು. ಕೆಲಸ ಮುಗಿದ ದಿನ ನೆಲ ಕನ್ನಡಿಯಂತಿತ್ತು. ಜನವರಿಯಲ್ಲಿ ಹಲಗೆಗಳ ಅಡಿಭಾಗ ಒಣಗಿ ಕುಗ್ಗಿತು, ಬಾಗಿದ್ದ ಹಲಗೆಗಳು ಮೊದಲಿನ ಆಕಾರಕ್ಕೆ ಮರಳಿದವು, ಆದರೆ ಅಂಚಿನ ಮರ ಆಗಲೇ ಉಜ್ಜಿ ಹೋಗಿತ್ತು. ಹಾಗಾಗಿ ಪ್ರತಿ ಹಲಗೆಯೂ ನಡುವೆ ಉಬ್ಬಿ ಎರಡೂ ಅಂಚಿನಲ್ಲಿ ತಗ್ಗಾಗಿ ನಿಂತಿತು. ಅದನ್ನು ಸರಿಮಾಡಲು ಇನ್ನೊಮ್ಮೆ ಉಜ್ಜಬೇಕಾಯಿತು; ಅಜ್ಜನ ಕಾಲದ ಬೀಟೆ ಹಲಗೆಗಳು ಎರಡು ಸಲ ತೆಳುವಾದವು. ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕಾಗಿರುವ ಈ ಕಾಲದಲ್ಲಿ ಅಂಥ ಹಲಗೆಯ ಒಂದೊಂದು ಮಿ.ಮೀ.ಯೂ ಮರಳಿ ಬಾರದ ಸೊತ್ತು. ಆ ನೋವಿನಿಂದಲೇ ಇದನ್ನು ಇಷ್ಟು ಒತ್ತಿ ಬರೆಯುತ್ತಿದ್ದೇನೆ: ಅಂಚು ಎದ್ದ ನೆಲವನ್ನು ಮಳೆಗಾಲದಲ್ಲಾಗಲಿ, ಮಳೆ ನಿಂತ ಕೂಡಲೇ ಆಗಲಿ ಉಜ್ಜಬಾರದು.

ಸರಿಯಾದ ಕ್ರಮ ನಿಧಾನದ್ದು. ಮೊದಲು ಅಡಿಯ ತೇವದ ಮೂಲವನ್ನು ಮುಚ್ಚಬೇಕು. ನೆಲದಡಿ ಟೊಳ್ಳು ಬಿಟ್ಟು ಜಂತಿಗಳ ಮೇಲೆ ಹಲಗೆ ಹೊಡೆದಿರುವ ಮನೆಗಳಲ್ಲಿ ಹೊರಗೋಡೆಯ ಬುಡದಲ್ಲಿ ಗಾಳಿಯಾಡಲು ಕಿಂಡಿಗಳಿರುತ್ತವೆ. ಹಾವು, ಇಲಿ ನುಗ್ಗುತ್ತವೆಂದು ಅವನ್ನು ಸಿಮೆಂಟಿನಿಂದ ಮುಚ್ಚಿದ್ದರೆ ಒಡೆದು ತೆರೆದು, ಒತ್ತಾದ ತಂತಿಬಲೆ ಹೊಡೆಯಬೇಕು. ಮಾಡಿನ ದಂಬೆಯಲ್ಲಿ ತುಂಬಿದ ಎಲೆಯನ್ನು ಮೇ ತಿಂಗಳಲ್ಲೇ ತೆಗೆದು, ಮಾಡಿನ ನೀರು ಗೋಡೆಯಿಂದ ದೂರ ಬೀಳುವಂತೆ ಮಾಡಬೇಕು. ಹಿಂಬದಿಯ ಬರೆಯಿಂದ (ಗುಡ್ಡ ಕಡಿದ ಮಣ್ಣಿನ ಗೋಡೆಯಿಂದ) ಒರತೆ ಇಳಿಯುತ್ತಿದ್ದರೆ ಗೋಡೆಗೂ ಬರೆಗೂ ನಡುವೆ ಚರಂಡಿ ತೋಡಬೇಕು. ಮಳೆಗಾಲದಲ್ಲಿ ಮರದ ನೆಲದ ಕೋಣೆಯಲ್ಲಿ ಒದ್ದೆ ಬಟ್ಟೆ ಹರವುವುದನ್ನು ನಿಲ್ಲಿಸಬೇಕು. ಒಂದು ಹೊರೆ ಬಟ್ಟೆಯ ನೀರು ಕೋಣೆಯ ಗಾಳಿಗೆ ಸೇರಿ, ಕೊನೆಗೆ ಹಲಗೆಗೂ ಇಳಿಯುತ್ತದೆ. ಕೋಣೆಯಲ್ಲಿ ಬೆಂಕಿಗೂಡು ಇದ್ದರೆ ಸಂಜೆ ಒಂದೆರಡು ಗಂಟೆ ಉರಿಸುವುದು ಒಳ್ಳೆಯದು, ಆದರೆ ಗೂಡಿನ ಮುಂದಿನ ಹಲಗೆಗಳು ಮಾತ್ರ ವಿಪರೀತ ಒಣಗದಂತೆ ದೂರ ಕಾಯ್ದುಕೊಳ್ಳಬೇಕು. ಬಳಿಕ ಕಾಯಬೇಕು. ತೇವಮಾಪಕದ ಅಂಕಿ ಎರಡು ವಾರ ಬಿಟ್ಟು ಅಳೆದರೂ ಬದಲಾಗದೆ, ಶೇ 12ರ ಆಸುಪಾಸಿಗೆ ಬಂದ ಮೇಲೆ, ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್ ನಡುವೆ, ನೆಲವನ್ನು ಮತ್ತೆ ಅಳೆಯಬೇಕು. ಹೆಚ್ಚಿನ ಹಲಗೆಗಳು ತಾವಾಗಿಯೇ ಮಟ್ಟಕ್ಕೆ ಬಂದಿರುತ್ತವೆ. ಬಾರದೆ ಉಳಿದವನ್ನು ಮಾತ್ರ ಆಗ ಉಜ್ಜಬಹುದು, ಅದೂ 60ರ ಒರಟು ಉಪ್ಪುಕಾಗದದಿಂದ ಆರಂಭಿಸಿ 80, 120 ಎಂದು ನುಣುಪಿನದರ ಕಡೆಗೆ, ಮರದ ಎಳೆಯ ಉದ್ದಕ್ಕೇ ಸಾಗಬೇಕು.

ಹಲಗೆ ಜಂತಿಯಿಂದಲೇ ಕಿತ್ತು ಗುಡಾರದಂತೆ ಎದ್ದು ನಿಂತಿದ್ದರೆ ಕಾಯುವ ಮಾತಿಲ್ಲ. ಗೋಡೆಯ ಬದಿಯಲ್ಲಿ ಹಿಗ್ಗಲು ಜಾಗ ಬಿಟ್ಟಿಲ್ಲವೆಂದು ಅದರ ಅರ್ಥ. ಗೋಡೆಗೆ ತಾಗಿದ ಸಾಲಿನ ಒಂದು ಹಲಗೆಯನ್ನು ಆ ದಿನವೇ ಎಬ್ಬಿಸಿ ಒತ್ತಡ ಬಿಡಿಸಿ, ಒಣಗಿದ ಮೇಲೆ ಮರಳಿ ಹೊಡೆಯುವಾಗ ಗೋಡೆಯಿಂದ ಸುಮಾರು ಅರ್ಧ ಅಂಗುಲ ಬಿಟ್ಟು, ಆ ಸಂದನ್ನು ಅಂಚುಪಟ್ಟಿಯಿಂದ ಮರೆಮಾಡಬೇಕು.

ಬೇಸಿಗೆಯ ಸಂದು, ನಡೆದಾಗ ಕಿರುಗುಟ್ಟುವ ಸದ್ದು

ಮಾರ್ಚ್‌ನಲ್ಲಿ ತೆರೆದು ಜುಲೈನಲ್ಲಿ ಮುಚ್ಚಿಕೊಳ್ಳುವ ಸಂದು ದೋಷವೇ ಅಲ್ಲ. ಅದಕ್ಕೆ ಪುಟ್ಟಿ ತುಂಬಿದರೆ ಮಳೆಗಾಲದಲ್ಲಿ ಹಿಗ್ಗಲು ಜಾಗವಿಲ್ಲದೆ ಅಂಚುಗಳು ಒಂದನ್ನೊಂದು ಜಜ್ಜುತ್ತವೆ, ಪುಟ್ಟಿ ಹೊರಗೆ ಉಗುಳಿಕೊಳ್ಳುತ್ತದೆ. ಮಳೆಗಾಲದಲ್ಲೂ ಮುಚ್ಚದ ಸಂದಿದ್ದರೆ ಮಾತ್ರ ಅದೇ ಜಾತಿಯ ಮರದ ತೆಳು ಸೀಳನ್ನು ಒಂದು ಬದಿಗೆ ಮಾತ್ರ ಅಂಟು ಹಚ್ಚಿ ಕೂರಿಸಬಹುದು.

ಕಿರುಗುಟ್ಟುವ ಸದ್ದು ಮೊಳೆ ಸಡಿಲವಾಗಿ ಹಲಗೆ ಜಂತಿಯ ಮೇಲೆ ಮೇಲೆ ಕೆಳಗೆ ಆಡುವುದರಿಂದ ಬರುತ್ತದೆ. ಒಬ್ಬರು ನಡೆಯುತ್ತ ಇನ್ನೊಬ್ಬರು ಕೆಳಗಿನ ಕೋಣೆಯಿಂದ ನೋಡಿದರೆ ಯಾವ ಜಂತಿ ಎಂದು ತಿಳಿಯುತ್ತದೆ. ಗಟ್ಟಿಮರಕ್ಕೆ ಮೊದಲು ಸಣ್ಣ ರಂಧ್ರ ಕೊರೆದು ತಿರುಪುಮೊಳೆ ಹಾಕಬೇಕು. ಬೀಟೆಗೋ ಹೊನ್ನೆಗೋ ರಂಧ್ರವಿಲ್ಲದೆ ಮೊಳೆ ಬಡಿದರೆ ಹಲಗೆಯ ತುದಿ ಸೀಳುವುದು ಖಂಡಿತ. ಸದ್ದಿನ ಜೊತೆಗೆ ನೆಲ ಕುಸಿದಂತೆ ಅನ್ನಿಸಿದರೆ ಜಂತಿಯ ತುದಿ ಗೋಡೆಯೊಳಗೆ ಕೊಳೆತಿರಬಹುದು. ದಪ್ಪ ಸೂಜಿಯನ್ನೋ ಸ್ಕ್ರೂಡ್ರೈವರನ್ನೋ ಅಲ್ಲಿ ಒತ್ತಿ ನೋಡಿ. ಸುಲಭವಾಗಿ ಇಳಿದರೆ ಆ ಕೋಣೆಯನ್ನು ಖಾಲಿ ಮಾಡಿ ಬಡಗಿಯನ್ನು ಕರೆಸುವವರೆಗೆ ಅದರ ಮೇಲೆ ಓಡಾಡಬೇಡಿ.

ಕಪ್ಪು ಕಲೆ, ಬಿಳಿ ಮಬ್ಬು

ಬಿಳಿ ಮತ್ತು ಕಪ್ಪು ಕಲೆಗಳ ನಡುವಿನ ಭೇದವನ್ನು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಬಿಳಿ ಮಬ್ಬು ಪಾಲಿಶ್‌ನ ಪದರದಲ್ಲಿ ಸಿಕ್ಕಿಬಿದ್ದ ತೇವ. ಮರಕ್ಕೆ ಏನೂ ಆಗಿಲ್ಲ. ಬಿಸಿ ಕಾಫಿಯ ಲೋಟ ಇಟ್ಟ ಉಂಗುರ, ಮಳೆಗಾಲದಲ್ಲಿ ಪಾಲಿಶ್ ಹಚ್ಚಿದಾಗ ಇಡೀ ನೆಲಕ್ಕೆ ಕವಿದ ಹಾಲಿನಂಥ ಪೊರೆ, ಎರಡೂ ಇದೇ ಜಾತಿಯವು. ಒಣ ಹವೆಯಲ್ಲಿ ಕೆಲವು ದಿನ ಬಿಟ್ಟರೆ ಹಲವು ಕಲೆಗಳು ತಾವಾಗಿ ಹೋಗುತ್ತವೆ. ಹೋಗದಿದ್ದರೆ ಕೂದಲು ಒಣಗಿಸುವ ಯಂತ್ರದಿಂದ ದೂರದಿಂದ ಮೆಲ್ಲಗೆ ಬಿಸಿಗಾಳಿ ಹಿಡಿಯಬೇಕು. ಅರಗಿನ ಪಾಲಿಶ್ ಆದರೆ, ಸ್ಪಿರಿಟ್ ತಾಗಿಸಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒಂದೇ ಸಲ ಮೇಲುಮೇಲೆ ಸವರಬಹುದು. ಮಳೆ ಸುರಿಯುವಾಗ ಅರಗು ಅಥವಾ ಲ್ಯಾಕರ್ ಹಚ್ಚದಿರುವುದೇ ಇದಕ್ಕೆ ನಿಜವಾದ ಪರಿಹಾರ.

ಕಪ್ಪು ಕಲೆ ಮರದೊಳಗೇ ಇಳಿದಿರುತ್ತದೆ. ಮರದ ಒಗರಿನ ಅಂಶ, ನೀರು, ಕಬ್ಬಿಣ ಈ ಮೂರೂ ಕೂಡಿದಾಗ ಶಾಯಿಯಂಥ ನೀಲಿಗಪ್ಪು ಬಣ್ಣ ಹುಟ್ಟುತ್ತದೆ. ಮೊಳೆಯ ಸುತ್ತ, ಹೂಕುಂಡದ ಕಬ್ಬಿಣದ ಕಾಲಿನ ಕೆಳಗೆ, ಒದ್ದೆ ಕತ್ತಿಯನ್ನು ಒರಗಿಸಿಟ್ಟ ಮೂಲೆಯಲ್ಲಿ ಇದು ಕಾಣುತ್ತದೆ. ಪಾಲಿಶ್ ತೆಗೆದ ಬರಿಮರದ ಮೇಲೆ ಆಕ್ಸಾಲಿಕ್ ಆಮ್ಲ ಇದಕ್ಕೆ ಸರಿಯಾದ ಮದ್ದು: ಒಂದು ಲೀಟರ್ ಬಿಸಿ ನೀರಿಗೆ 60ರಿಂದ 100 ಗ್ರಾಂ ಕರಗಿಸಿ, ಕಲೆಯ ಮೇಲೆ ಮಾತ್ರವಲ್ಲದೆ ಆ ಹಲಗೆಯ ಪೂರ್ತಿ ಹಚ್ಚಿ, ಒಣಗಿದ ಮೇಲೆ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ, ಕೊನೆಯ ಸಲ ನೀರಿಗೆ ಒಂದು ಚಮಚ ಅಡುಗೆ ಸೋಡಾ ಸೇರಿಸಬೇಕು. ಆಕ್ಸಾಲಿಕ್ ಆಮ್ಲ ವಿಷ. ಕೈಗವಸು, ಕನ್ನಡಕ ಬೇಕೇ ಬೇಕು. ಒಣಗಿದ ಪುಡಿ ಮೂಗಿಗೆ ಹೋಗಬಾರದು. ಮಕ್ಕಳು, ನಾಯಿ ಆ ಕೋಣೆಗೆ ಬರಬಾರದು. ಈ ಮದ್ದಿಗೂ ಜಗ್ಗದೆ ಉಗುರಿನಿಂದ ಕೆರೆದರೆ ಎಳೆ ಕಿತ್ತು ಬರುವ ಕಪ್ಪು, ಕಲೆಯಲ್ಲ, ಕೊಳೆತ ಮರ. ಒರೆಸಿದರೆ ಹೋಗಿ ವಾರದಲ್ಲಿ ಮರಳುವ ಕಪ್ಪು ಚುಕ್ಕೆ ಬೂಷ್ಟು. ಅದಕ್ಕೆ ಗಾಳಿ, ಬೆಳಕು ಕೊಡದೆ ಬೇರೆ ಏನು ಹಚ್ಚಿದರೂ ತಾತ್ಕಾಲಿಕ.

ಗೆದ್ದಲೋ, ಕೊರೆಯುವ ಹುಳುವೋ

ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಗೆದ್ದಲು ಕಿಟಕಿಯಿಂದ ಬಂದರೆ ಚಿಂತೆಯಿಲ್ಲ. ನೆಲದ ಸಂದಿನಿಂದಲೇ ಏಳುತ್ತಿದ್ದರೆ ಗೂಡು ಮನೆಯ ಅಡಿಯಲ್ಲಿದೆ. ಗೋಡೆಯ ಬುಡದಲ್ಲಿ, ಜಂತಿಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಕೊಳವೆಗಳನ್ನು ಹುಡುಕಿ ಒಂದನ್ನು ಮುರಿಯಿರಿ. ಕೆಲವು ದಿನಗಳಲ್ಲಿ ಅದನ್ನು ಮತ್ತೆ ಕಟ್ಟಿದ್ದರೆ ಗೆದ್ದಲು ಜೀವಂತವಾಗಿದೆ. ಇದಕ್ಕೆ ಮಣ್ಣಿಗೇ ಮದ್ದು ಹಾಕುವ ಪರಿಣತರು ಬೇಕು, ಮೇಲಿನಿಂದ ಸೀಮೆಎಣ್ಣೆ ಸುರಿಯುವುದು ಬೆಂಕಿಯ ಅಪಾಯವನ್ನು ತಂದುಕೊಳ್ಳುವುದಷ್ಟೇ.

ಹಲಗೆಯಲ್ಲಿ ಗುಂಡುಸೂಜಿಯ ತಲೆಯಷ್ಟು ರಂಧ್ರಗಳಿದ್ದು ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಅದು ಕೊರೆಯುವ ಹುಳು. ರಂಧ್ರಗಳು ಹಳೆಯವೇ ಎಂದು ತಿಳಿಯಲು ಪುಡಿಯನ್ನು ಗುಡಿಸಿ, ಕೆಳಗೆ ಕಪ್ಪು ಕಾಗದ ಹರಡಿ ಒಂದು ತಿಂಗಳು ಬಿಡಿ. ಪುಡಿ ಬೀಳದಿದ್ದರೆ ರಂಧ್ರಗಳನ್ನು ಮೇಣದಿಂದ ಮುಚ್ಚಿದರೆ ಸಾಕು. ಈ ಹುಳು ಚೇಗಿನ (ಮರದ ನಡುವಿನ ಗಟ್ಟಿ ಭಾಗದ) ಸುತ್ತಲಿನ ಬಿಳಿಮರವನ್ನೇ ಹೆಚ್ಚಾಗಿ ತಿನ್ನುವುದರಿಂದ, ಹೊಸ ಹಲಗೆ ಕೊಳ್ಳುವಾಗ ಅಂಚಿನಲ್ಲಿ ಬಿಳಿಪಟ್ಟೆ ಇರುವ ತುಂಡನ್ನು ಬಿಟ್ಟುಬಿಡುವುದು ಜಾಣತನ.

ದಿನನಿತ್ಯದ ಒರೆಸುವಿಕೆಯಲ್ಲೇ ಅಡಗಿದ ದೋಷ

ನೆಲ ಬಾಗಿಲಿನಿಂದ ಸೋಫಾದವರೆಗೆ ಹಾದಿಯಂತೆ ಮಂಕಾಗಿದ್ದರೆ ಕಾರಣ ಕಾಲಿನೊಂದಿಗೆ ಬರುವ ಮಣ್ಣಿನ ಹರಳು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕಣದಿಂದ ಒಳಗೆ ಬರುವ ಕೆಂಪುಮಣ್ಣು ಉಪ್ಪುಕಾಗದದಂತೆಯೇ ಕೆಲಸ ಮಾಡುತ್ತದೆ. ಹೊರಗೊಂದು ಒರಟು ತೆಂಗಿನ ನಾರಿನ ಕಾಲೊರಸು, ಒಳಗೊಂದು ಬಟ್ಟೆಯ ಕಾಲೊರಸು ಇಡುವುದು ಯಾವ ಪಾಲಿಶ್‌ಗಿಂತಲೂ ಅಗ್ಗದ ರಕ್ಷಣೆ. ರಬ್ಬರ್ ತಳದ ಕಾಲೊರಸು ಮಾತ್ರ ಪಾಲಿಶ್‌ಗೆ ಅಂಟಿ ಹಳದಿ ಕಲೆ ಬಿಡಬಹುದು.

ನೆಲ ಅಂಟಂಟಾಗಿ ಹೆಜ್ಜೆಗುರುತು ಮೂಡುತ್ತಿದ್ದರೆ ಫಿನಾಯಿಲ್ ಅಥವಾ ಸೋಪಿನ ಅಂಶ ಪದರ ಕಟ್ಟಿದೆ. ಬಕೆಟ್ ನೀರಿಗೆ ಕೆಲವೇ ಹನಿ ಮೆದು ದ್ರವಸೋಪು ಹಾಕಿ, ಬಟ್ಟೆಯನ್ನು ಹನಿ ತೊಟ್ಟಿಕ್ಕದಷ್ಟು ಹಿಂಡಿ ಒರೆಸಿ, ಹಿಂದೆಯೇ ಒಣ ಬಟ್ಟೆಯಿಂದ ಒರೆಸಬೇಕು. ಎಣ್ಣೆ ಹಚ್ಚಿದ ನೆಲಕ್ಕೆ ಅಗಸೆ ಎಣ್ಣೆ ಬಳಸುವವರು ಒಂದು ಎಚ್ಚರಿಕೆಯನ್ನು ಮರೆಯಬಾರದು: ಆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಮರದ ಮನೆಯಲ್ಲಿ ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಗ್ರಾನೈಟ್: ಮೊದಲು ಕಲ್ಲನ್ನು ಗುರುತಿಸುವುದು

ಅಂಗಡಿಯಲ್ಲಿ ಗ್ರಾನೈಟ್ ಎಂದು ಮಾರುವುದೆಲ್ಲ ಗ್ರಾನೈಟ್ ಅಲ್ಲ. ಚಾಮರಾಜನಗರದ ಕಡೆಯಿಂದ ಬರುವ ಒತ್ತಾದ ಕಪ್ಪುಕಲ್ಲು ಭೂವಿಜ್ಞಾನದ ಲೆಕ್ಕದಲ್ಲಿ ಡಾಲರೈಟ್. ಅದು ನೀರು ಹೀರುವುದು ಬಹಳ ಕಡಿಮೆ. ಇಳಕಲ್ಲಿನ ಕೆಂಪು ಕಲ್ಲು, ತಿಳಿಬಣ್ಣದ ಹರಳುಗಲ್ಲುಗಳು ಬೇರೆಬೇರೆ ಪ್ರಮಾಣದಲ್ಲಿ ಹೀರುತ್ತವೆ. ಗ್ರಾನೈಟಿನ ಮುಖ್ಯ ಹರಳುಗಳಾದ ಸ್ಫಟಿಕ ಮತ್ತು ಫೆಲ್ಡ್‌ಸ್ಪಾರ್ ಅಡುಗೆಮನೆಯ ಹುಳಿಗೆ ಜಗ್ಗುವುದಿಲ್ಲ, ಅಮೃತಶಿಲೆ ಜಗ್ಗುತ್ತದೆ. ಮರೆಯ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಹಾಕಿ ಐದು ನಿಮಿಷ ಬಿಟ್ಟು ತೊಳೆಯಿರಿ. ಹೊಳಪು ಹೋಗಿ ಒರಟಾದರೆ ನಿಮ್ಮ ಕಟ್ಟೆಯಲ್ಲಿ ಸುಣ್ಣದಂಶದ ಕಲ್ಲಿದೆ. ಕಪ್ಪುಕಲ್ಲಿಗೆ ಬಿಳಿ ಬಟ್ಟೆಯಲ್ಲಿ ನೇಲ್ ಪಾಲಿಶ್ ರಿಮೂವರ್ ತಾಗಿಸಿ ಉಜ್ಜಿದಾಗ ಬಟ್ಟೆ ಕಪ್ಪಾದರೆ ಕಲ್ಲಿಗೆ ಬಣ್ಣ ಬಳಿದು ಮಾರಿದ್ದಾರೆ.

ಹೀರುವ ಪ್ರಮಾಣ ತಿಳಿಯಲು ಒಲೆಯ ಪಕ್ಕ, ಸಿಂಕಿನ ಪಕ್ಕ, ಬಳಕೆಯಿಲ್ಲದ ಮೂಲೆ ಹೀಗೆ ಮೂರು ಕಡೆ ಒಂದೊಂದು ಚಮಚ ನೀರು ಸುರಿದು ಹದಿನೈದು ನಿಮಿಷ ಕಾದು ಒರೆಸಿ. ಕೆಳಗೆ ಕಲ್ಲು ಗಾಢವಾಗಿದ್ದರೆ ಸೀಲರ್, ಅಂದರೆ ಕಲ್ಲು ನೀರು ಹೀರದಂತೆ ಹಚ್ಚುವ ದ್ರವ, ಸವೆದಿದೆ. ಕಟ್ಟೆಯನ್ನು ತೊಳೆದು ಒಂದೆರಡು ದಿನ ಪೂರ್ತಿ ಒಣಗಿಸಿ ಕಲ್ಲಿನೊಳಗೆ ಇಳಿಯುವ ಬಗೆಯ ಸೀಲರ್ ಹಚ್ಚಿ, ಡಬ್ಬಿಯ ಮೇಲೆ ಹೇಳಿದ ಹೊತ್ತಿನ ಬಳಿಕ ಮಿಕ್ಕಿದ್ದನ್ನು ತಪ್ಪದೆ ಒರೆಸಿ ತೆಗೆಯಬೇಕು. ಒರೆಸದೆ ಬಿಟ್ಟರೆ ಅದೇ ಮಬ್ಬು ಪದರವಾಗಿ ಹೊಸ ದೋಷವಾಗುತ್ತದೆ. ನೀರನ್ನು ಹೀರದ ಕಪ್ಪುಕಲ್ಲಿಗೆ ಸೀಲರ್ ಬೇಡ.

ಎಣ್ಣೆ, ಕಾಫಿ, ಕಾಚಂಪುಳಿ, ಮದ್ದುಸೊಪ್ಪು

ಒಲೆಯ ಸುತ್ತ ಕಪ್ಪಗೆ ಒದ್ದೆಯಂತೆ ಕಾಣುವ, ಎಷ್ಟು ಒರೆಸಿದರೂ ಒಣಗದ ಕಲೆ ಎಣ್ಣೆಯದು. ಪಂದಿಕರಿಯ (ಹಂದಿಮಾಂಸದ ಅಡುಗೆಯ) ಜಿಡ್ಡು ಚೆಲ್ಲಿ ರಾತ್ರಿಯಿಡೀ ಉಳಿದರೆ ತಿಳಿಬಣ್ಣದ ಕಲ್ಲಿನಲ್ಲಿ ಇದು ಖಂಡಿತ ಮೂಡುತ್ತದೆ. ಮೇಲಿನಿಂದ ಉಜ್ಜಿ ಪ್ರಯೋಜನವಿಲ್ಲ, ಒಳಗಿನಿಂದ ಹೀರಿ ತೆಗೆಯಬೇಕು. ಅಡುಗೆ ಸೋಡಾಕ್ಕೆ ನೀರು ಬೆರೆಸಿ ಇಡ್ಲಿಹಿಟ್ಟಿಗಿಂತ ಗಟ್ಟಿಯಾದ ಲೇಪ ಮಾಡಿ, ಕಲೆಗಿಂತ ಒಂದಂಗುಲ ಆಚೆಯವರೆಗೆ ಕಾಲಂಗುಲ ದಪ್ಪ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪು ಹಾಕಿ ಒಂದು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಲೇಪವನ್ನು ಪೂರ್ತಿ ಒಣಗಲು ಬಿಡುವುದೇ ಮುಖ್ಯ ಘಟ್ಟ. ಲೇಪ ಒಣಗುತ್ತ ಹೋದಂತೆ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಇದು ಒಣಗುವುದೇ ಇಲ್ಲ, ಫ್ಯಾನ್ ಹಾಕಬೇಕು. ಹಳೆಯ ಕಲೆಗೆ ಮೂರು ನಾಲ್ಕು ಸಲ ಮಾಡಬೇಕಾದೀತು.

ಕಾಫಿ, ಕಾಚಂಪುಳಿ (ಅಡುಗೆಗೆ ಬಳಸುವ ಕಪ್ಪು ಹುಳಿರಸ) ಮತ್ತು ಸೊಪ್ಪಿನ ಕಲೆಗಳಿಗೆ ಅದೇ ಲೇಪವನ್ನು ನೀರಿನ ಬದಲು ಔಷಧಿ ಅಂಗಡಿಯಲ್ಲಿ ಸಿಗುವ ಶೇ 6ರ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಕಲಸಬೇಕು. ಪೆರಾಕ್ಸೈಡ್ ಬಣ್ಣವನ್ನು ಕಳೆಯುವುದರಿಂದ ಗಾಢ ಕಲ್ಲಿನ ಮೇಲೆ ಬಳಸುವ ಮುನ್ನ ಮೂಲೆಯಲ್ಲಿ ಪರೀಕ್ಷಿಸಬೇಕು. ಕಕ್ಕಡ ಹದಿನೆಂಟರಂದು ಮದ್ದುಸೊಪ್ಪು ಎಂಬ ಔಷಧಿಗಿಡವನ್ನು ಬೇಯಿಸಿದ ನೇರಳೆ ನೀರು ಚೆಲ್ಲಿ ಕಟ್ಟೆಯ ಮೇಲೆ ಬಣ್ಣ ಕುಳಿತಿದೆ ಎಂದು ಗಾಬರಿಯಾಗುವವರು ಪ್ರತಿವರ್ಷ ಇರುತ್ತಾರೆ. ಆ ಕೂಡಲೇ ಒರೆಸಿದರೆ ಅದು ಉಳಿಯುವುದಿಲ್ಲ. ಮರುದಿನದವರೆಗೆ ಬಿಟ್ಟಿದ್ದರೆ ಪೆರಾಕ್ಸೈಡ್ ಲೇಪ ಬೇಕಾಗುತ್ತದೆ. ಕಾಚಂಪುಳಿ ಬಲವಾದ ಹುಳಿಯಾದರೂ ನಿಜವಾದ ಗ್ರಾನೈಟಿನ ಹೊಳಪನ್ನು ತಿನ್ನುವುದಿಲ್ಲ. ಅದರ ಸೀಸೆ ಇಟ್ಟ ಜಾಗ ಒರಟಾಗಿ ಬಿಳಿಚಿದ್ದರೆ ಮೇಲೆ ಹೇಳಿದ ನಿಂಬೆರಸದ ಪರೀಕ್ಷೆಗೆ ಮರಳಿ.

ಸಿಲಿಂಡರ್ ಅಥವಾ ಕಬ್ಬಿಣದ ಬಾಣಲೆಯ ತುಕ್ಕುಕಲೆ ಹಳದಿ, ಕಂದು ಬಣ್ಣದ್ದು, ಪಾತ್ರೆಯ ಆಕಾರದಲ್ಲೇ ಇರುತ್ತದೆ. ಕಲ್ಲಿನುದ್ದಕ್ಕೂ ಚುಕ್ಕೆ ಚುಕ್ಕೆಯಾಗಿ ಹೊರಬಿದ್ದರೆ ಕಲ್ಲಿನೊಳಗಿನ ಕಬ್ಬಿಣದ ಅಂಶವೇ ತೇವದಿಂದ ತುಕ್ಕು ಹಿಡಿಯುತ್ತಿದೆ, ಅದಕ್ಕೆ ಒಣಗಿಸಿ ಸೀಲರ್ ಹಚ್ಚುವುದೇ ದಾರಿ. ತುಕ್ಕು ತೆಗೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೂರಿಕ್ ಆಮ್ಲ ಇರುತ್ತದೆ. ಅದು ಗ್ರಾನೈಟನ್ನೂ ತಿನ್ನುತ್ತದೆ, ಮೈಗೆ ತಾಗಿದರೆ ಪ್ರಾಣಕ್ಕೇ ಅಪಾಯ, ಮನೆಯೊಳಗೆ ತರಲೇಬೇಡಿ.

ಬಿಳಿ ಪದರ, ಬಿಳಿ ಪುಡಿ

ನಲ್ಲಿಯ ಬುಡದ ಗಟ್ಟಿ ಬಿಳಿ ಪದರ ಕೊಳವೆಬಾವಿಯ ಗಡಸು ನೀರಿನ ಸುಣ್ಣ. ಆ ಜಾಗವನ್ನು ಸೋಪುನೀರಿನಿಂದ ಒದ್ದೆ ಮಾಡಿ ಹೊಸ ಬ್ಲೇಡನ್ನು ಬಹುತೇಕ ಮಲಗಿಸಿ ಹಿಡಿದು ಮೆಲ್ಲಗೆ ತಳ್ಳಿದರೆ ಚಕ್ಕೆಯಾಗಿ ಏಳುತ್ತದೆ. ಶೌಚಾಲಯದ ಆಸಿಡ್ ಸುರಿಯುವ ರೂಢಿ ಬಹಳ ಕಡೆ ಇದೆ. ಅದು ಸುಣ್ಣವನ್ನು ಕರಗಿಸುವುದರ ಜೊತೆಗೆ ಜೋಡಣೆಯ ಸಿಮೆಂಟನ್ನು ತಿನ್ನುತ್ತದೆ, ಸ್ಟೀಲ್ ಸಿಂಕಿಗೆ ಕಲೆ ಹಾಕುತ್ತದೆ, ಕಲ್ಲಿನ ಕಬ್ಬಿಣದ ಅಂಶವನ್ನು ಹಳದಿಯಾಗಿಸುತ್ತದೆ. ಅದರ ಮೇಲೆ ಬ್ಲೀಚಿಂಗ್ ಪುಡಿಯೂ ಬಿದ್ದರೆ ಹುಟ್ಟುವ ಕ್ಲೋರಿನ್ ಅನಿಲ ಮುಚ್ಚಿದ ಅಡುಗೆಮನೆಯಲ್ಲಿ ಉಸಿರು ಕಟ್ಟಿಸುತ್ತದೆ.

ಜೋಡಣೆಯ ಗೆರೆಯುದ್ದಕ್ಕೂ ಹತ್ತಿಯಂತೆ ಮೂಡಿ ಒರೆಸಿದರೆ ಹೋಗಿ ಮತ್ತೆ ಬರುವ ಪುಡಿ ಬೇರೆಯೇ. ಕಲ್ಲಿನಡಿಯ ಸಿಮೆಂಟಿನ ಲವಣಗಳು ನೀರಿನೊಂದಿಗೆ ಮೇಲೇರಿ ಒಣಗಿದಾಗ ಇದು ಉಳಿಯುತ್ತದೆ. ಒಣ ಬ್ರಷ್‌ನಿಂದ ಗುಡಿಸಿ. ನೀರು ಹಾಕಿ ತೊಳೆದರೆ ಇನ್ನಷ್ಟು ಏರುತ್ತದೆ. ನೀರು ಎಲ್ಲಿಂದ ಅಡಿಗೆ ಹೋಗುತ್ತಿದೆ ಎಂದು ಹುಡುಕಿದರೆ ಬಹುತೇಕ ಸಿಂಕಿನ ಅಂಚಿನ ಸಿಲಿಕೋನ್ ಬಿರಿದಿರುವುದೇ ಕಾಣುತ್ತದೆ.

ಬಿರುಕು, ಮತ್ತು ಸಿಂಕಿನಿಂದ ಮರದ ನೆಲದವರೆಗೆ

ಬಿರುಕೋ ಕಲ್ಲಿನ ಸಹಜ ಗೆರೆಯೋ ಎಂದು ತಿಳಿಯಲು ಉಗುರನ್ನು ಅಡ್ಡ ಎಳೆಯಿರಿ. ಉಗುರು ತಡೆದು ಒಂದು ಬದಿ ಎತ್ತರವೆನಿಸಿದರೆ ಬಿರುಕು. ಒಲೆಗೆ, ಸಿಂಕಿಗೆ ಕತ್ತರಿಸಿದ ಜಾಗದ ಮೂಲೆಗಳಲ್ಲಿ ಕಲ್ಲಿನ ಪಟ್ಟಿ ಕಿರಿದಾಗಿರುವುದರಿಂದ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಕಟ್ಟೆಯ ಅಡಿಯ ಆಧಾರ ಕುಸಿದಿದೆಯೇ ಎಂದು ಮೊದಲು ನೋಡಿ, ಆಧಾರ ಕೊಟ್ಟ ಮೇಲಷ್ಟೇ ಕಲ್ಲಿನ ಕೆಲಸದವರಿಂದ ಬಣ್ಣ ಬೆರೆಸಿದ ಎಪಾಕ್ಸಿ ಅಂಟು ತುಂಬಿಸಬೇಕು. ಸಿಂಕಿನ ಸಿಲಿಕೋನ್ ಬಿರಿದಿದ್ದರೆ ಹಳೆಯದರ ಮೇಲೆ ಹೊಸದನ್ನು ಹಚ್ಚಿದರೆ ಹಿಡಿಯುವುದಿಲ್ಲ. ಪೂರ್ತಿ ಕೆರೆದು, ಸ್ಪಿರಿಟ್‌ನಿಂದ ಒರೆಸಿ, ಒಂದು ದಿನ ಒಣಗಿಸಿ, ಬೂಷ್ಟು ತಡೆಯುವ ಸಿಲಿಕೋನ್ ಹಚ್ಚಿ, ಮತ್ತೊಂದು ದಿನ ನೀರು ತಾಗಿಸಬಾರದು.

ಅಡುಗೆಮನೆಯ ಬಾಗಿಲಾಚೆಯ ಮರದ ನೆಲದಲ್ಲಿ ಮಾತ್ರ ಎರಡು ಮೂರು ಹಲಗೆ ಕಪ್ಪಾಗಿ ಅಂಚು ಎದ್ದಿದ್ದರೆ ಮೊದಲು ಸಿಂಕಿನ ಕೆಳಗಿನ ಕಪಾಟನ್ನು ತೆರೆಯಬೇಕು. ಪೈಪಿನ ಪ್ರತಿ ಜೋಡಣೆಗೂ ಒಣ ಟಿಶ್ಯೂ ಕಾಗದ ಸುತ್ತಿ, ಸಿಂಕಿನ ತುಂಬ ನೀರು ತುಂಬಿಸಿ ಒಮ್ಮೆಗೇ ಬಿಡಿ; ಒದ್ದೆಯಾದ ಕಾಗದ ಸೋರುವ ಜೋಡಣೆಯನ್ನು ತೋರಿಸುತ್ತದೆ. ಕಾಗದವೆಲ್ಲ ಒಣಗೇ ಉಳಿದರೆ, ಕಟ್ಟೆಯ ಮೇಲೆ ಸಿಂಕಿನ ಅಂಚಿಗೆ ನೀರು ಸುರಿದು ಕೆಳಗಿನಿಂದ ಟಾರ್ಚ್ ಹಿಡಿದು ನೋಡಿ. ಸೋರಿಕೆ ನಿಲ್ಲಿಸಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ಹಲಗೆಗಳ ತೇವವನ್ನು ಪ್ರತಿ ಎರಡು ವಾರಕ್ಕೊಮ್ಮೆ ಅಳೆಯುತ್ತ ಹೋಗಿ. ಅಂಕಿ ಪಕ್ಕದ ಹಲಗೆಗಳಿಗೆ ಸರಿಸಮವಾಗುವವರೆಗೆ ಉಪ್ಪುಕಾಗದವನ್ನು ಕೈಗೆತ್ತಿಕೊಳ್ಳಬೇಡಿ.